ಗ್ಯಾಸ್ ಖತಂ, ಭಾಭಿ!

ಮೇ ತಿಂಗಳ ಡೊಂಬಿವಲಿಯಲ್ಲಿ ಏಸಿ ತಣ್ಣಗೆ ಮಾಡದಿದ್ದರೆ ಮೆಕ್ಯಾನಿಕ್‌ನ ತೀರ್ಪು ಒಂದೇ: “ಗ್ಯಾಸ್ ಖತಂ, ಭಾಭಿ!” ಏಸಿ ಗ್ಯಾಸೇನು ಒಲೆಯ ಸಿಲಿಂಡರೇ, ಉರಿದು ಮುಗಿಯಲು? ಮುಚ್ಚಿದ ಕೊಳವೆಯೊಳಗೆ ಸುತ್ತುತ್ತಲೇ ಇರುವ ಸರಕು, ಸೋರಿದರಷ್ಟೇ ಕಮ್ಮಿಯಾದೀತು. ಆದರೆ ಸೋರಿಕೆ ಹುಡುಕುವುದು ಬೆವರಿನ ಕೆಲಸ, ತುಂಬುವುದು ಬಿಲ್ಲಿನ ಕೆಲಸ!

ನಮ್ಮ ಮನೆಗೆ ಬಂದಾತ ಗೇಜ್ ಹಚ್ಚಿದ. ನೀಲಿ ಡಯಲಿನ ಮುಳ್ಳು 120 ಪಿಎಸ್‌ಐ ದಾಟಿ ನಿಂತಿತು. “ಅರೆ, ಎಪ್ಪತ್ತು ಸಾಕಲ್ಲ!” ಎಂದು ಹೌಹಾರಿದ. ಖತಂ ಆದ ಗ್ಯಾಸು ಒಂದೇ ನಿಮಿಷದಲ್ಲಿ ಡಬಲ್! ಆತನ ಲೆಕ್ಕ ಹಳೆಯ ಆರ್-22 ಗ್ಯಾಸಿನದು. ಅದು ಸುಮಾರು 70ರ ಒತ್ತಡದಲ್ಲಿ 5 ಡಿಗ್ರಿಗೆ ಕುದಿಯುತ್ತದೆ. ನಮ್ಮದು ಆರ್-32, ಅದೇ 5 ಡಿಗ್ರಿಗೆ ಇದಕ್ಕೆ 120ರ ಆಸುಪಾಸು ಬೇಕು. ಒತ್ತಡ ಏರಿದರೆ ಕುದಿಯುವ ಉಷ್ಣತೆಯೂ ಏರುತ್ತದೆ. ಡಯಲಿನ ಒಳಸುತ್ತಿನಲ್ಲಿ ಇದೆಲ್ಲ ಅಚ್ಚಾಗಿಯೇ ಇರುತ್ತದೆ, ಓದುವವರು ಬೇಕಷ್ಟೇ.

ನಿಜವಾದ ಕಳ್ಳರು ಹೊರಗಿದ್ದರು. ಔಟ್‌ಡೋರ್ ಯೂನಿಟ್ಟಿನ ಬೆನ್ನಿಗೆ ಪಾರಿವಾಳಗಳ ಕಡ್ಡಿ, ಪುಕ್ಕ, ಸಂಸಾರ. ಶಾಖ ಹೊರಹೋಗದೆ ಒತ್ತಡ ಏರುತ್ತಿತ್ತು. ಬ್ರಷ್ಷು, ನೀರು, ಅರ್ಧ ಗಂಟೆಯಲ್ಲಿ ಕೋಣೆ ತಂಪು. ಇನ್ನು ಮೇಲಿನ ಮಹಡಿಯ ಆಜಿಗೆ ಕಾಳು ಹಾಕಬೇಡಿ ಎನ್ನುವ ಧೈರ್ಯ ಸೊಸೈಟಿಯಲ್ಲಿ ಯಾರಿಗಿದೆ?