ಮುಯ್ಯಿ ಓದಿಸಿದ ಮಹನೀಯರಿಗೆ

ಶ್ರೀಮಂತ ದೇಶಗಳ ಹಣಕಾಸು ಮಂತ್ರಿ ಮಹೋದಯರೇ,

ಬೆಳೆಸಾಲ ನವೀಕರಣಕ್ಕೆಂದು ಬೆಳಗಿನಿಂದ ಬ್ಯಾಂಕಿನ ಬೆಂಚು ಸವೆಸಿ, "ಸರ್ವರ್ ಇಲ್ಲ, ನಾಳೆ ಬನ್ನಿ" ಅನ್ನಿಸಿಕೊಂಡು ಈಗಷ್ಟೇ ಮನೆಗೆ ಬಂದೆ. ಸಾಲದ ಬಿಸಿ ತಲೆಯಿಂದ ಇಳಿಯುವ ಮುಂಚೆ ನಿಮಗೂ ನಾಲ್ಕು ಸಾಲು ಬರೆದುಬಿಡುತ್ತೇನೆ.

2009ರಲ್ಲಿ ಕೋಪನ್‌ಹೇಗನ್‌ನಲ್ಲಿ ನಡೆದ ಹವಾಮಾನ ಸಮ್ಮೇಳನದಲ್ಲಿ ತಾವು ಮಾತು ಕೊಟ್ಟಿರಿ. ಹವಾಮಾನದ ಪೆಟ್ಟು ತಿನ್ನುತ್ತಿರುವ ದೇಶಗಳಿಗೆ 2020ರ ಹೊತ್ತಿಗೆ ವರ್ಷಕ್ಕೆ 10,000 ಕೋಟಿ ಡಾಲರ್! ಅಷ್ಟು ಮುಟ್ಟಿದ್ದು 2022ರಲ್ಲಿ, ಅದೂ ನಿಮ್ಮದೇ ಕೂಟವಾದ ಓಇಸಿಡಿ ಬರೆದ ಲೆಕ್ಕದಲ್ಲಿ. ತಡವಾಗಿದ್ದಕ್ಕೆ ನನ್ನ ತಕರಾರಿಲ್ಲ, ನಮ್ಮ ಕಡೆ ಚರಂಡಿ ಕೆಲಸವೂ ಅಷ್ಟು ತಡವಾಗುತ್ತದೆ. ಆದರೆ ಆ ಲೆಕ್ಕದ ಸರ್ಕಾರಿ ಹಣದಲ್ಲಿ ಮೂರನೇ ಎರಡಕ್ಕೂ ಹೆಚ್ಚು ಪಾಲು ಸಾಲವಂತೆ. ಮದುವೆಮನೆಯಲ್ಲಿ ಮೈಕ್ ಹಿಡಿದು ಮುಯ್ಯಿ ಓದಿಸಿ, ಕವರಿನೊಳಗೆ ಸಾಲಪತ್ರ ಇಟ್ಟಿದ್ದೀರಿ. ಮದುಮಕ್ಕಳು ಅದಕ್ಕೆ ಸಹಿ ಹಾಕಿ ಊಟಕ್ಕೆ ಏಳಬೇಕು.

ಪಾಕಿಸ್ತಾನವನ್ನೇ ನೋಡಿ. 2022ರ ನೆರೆಯಲ್ಲಿ 1,700ಕ್ಕೂ ಹೆಚ್ಚು ಜನ ಸತ್ತರು, 3.3 ಕೋಟಿ ಜನ ಸಂತ್ರಸ್ತರಾದರು. ಜಗತ್ತಿನ ಹೊಗೆಯಲ್ಲಿ ಆ ದೇಶದ ಪಾಲು ನೂರಕ್ಕೆ ಒಂದರ ಆಸುಪಾಸು. 2023ರ ಜನವರಿಯಲ್ಲಿ ಜಿನೀವಾದ ಸಭೆಯಲ್ಲಿ ಸರ್ಕಾರಗಳು, ವಿಶ್ವ ಬ್ಯಾಂಕು, ಇಸ್ಲಾಮಿಕ್ ಅಭಿವೃದ್ಧಿ ಬ್ಯಾಂಕು ಎಲ್ಲ ಸೇರಿ ಮುಯ್ಯಿ ಓದಿಸಿದ್ದೇ ಓದಿಸಿದ್ದು. ಮೊತ್ತ 900 ಕೋಟಿ ಡಾಲರ್ ದಾಟಿತು. ಚಪ್ಪಾಳೆ ನಿಂತ ಮೇಲೆ ಅವರ ಆಗಿನ ಹಣಕಾಸು ಸಚಿವ ಇಶಾಕ್ ದಾರ್ ಕವರ್ ಬಿಚ್ಚಿ ಹೇಳಿದರು, ಅದರಲ್ಲಿ ಶೇ 90ರಷ್ಟು ಯೋಜನಾ ಸಾಲ ಎಂದು.

ಹೊಗೆ ಬಿಟ್ಟವರು ಯಾರೋ, ಕಂತು ಕಟ್ಟುವವರು ಮುಳುಗಿದವರು. ಇದಕ್ಕೆ ನೆರವು ಅಂತ ಹೆಸರಿಡಲು ನಾಚಿಕೆಯಾಗುವುದಿಲ್ಲವೇ? ನಮ್ಮ ಬ್ಯಾಂಕಿನವರಿಗೆ ಸರ್ವರ್ ಇಲ್ಲದಿರಬಹುದು, ಸಾಲವನ್ನು ಸಾಲ ಅನ್ನುವಷ್ಟು ಮರ್ಯಾದೆಯಂತೂ ಇದೆ.

2024ರಲ್ಲಿ ಬಾಕುವಿನ ಹವಾಮಾನ ಸಮ್ಮೇಳನದಲ್ಲೂ ಅದೇ ಮೈಕು. ಅಭಿವೃದ್ಧಿಶೀಲ ದೇಶಗಳು ಕೇಳಿದ್ದು ವರ್ಷಕ್ಕೆ 1.3 ಲಕ್ಷ ಕೋಟಿ ಡಾಲರ್, ತಾವು ಒಪ್ಪಿದ್ದು 30,000 ಕೋಟಿ, ಅದೂ 2035ರ ಹೊತ್ತಿಗೆ. ಭಾರತದ ಪ್ರತಿನಿಧಿ ಆಕ್ಷೇಪ ಹೇಳುವಷ್ಟರಲ್ಲಿ ಅಧ್ಯಕ್ಷರ ಸುತ್ತಿಗೆ ಬಿದ್ದಾಗಿತ್ತು. ಆ ಮೊತ್ತದಲ್ಲಿ ಅನುದಾನ ಎಷ್ಟಿರಬೇಕು ಅನ್ನುವುದಕ್ಕೆ ಒಪ್ಪಂದದಲ್ಲಿ ಒಂದು ಅಂಕಿಯೂ ಇಲ್ಲ.

ನನ್ನದು ಒಂದೇ ಕೋರಿಕೆ. ಮುಂದಿನ ಸಲ ಮೈಕ್ ಹಿಡಿಯುವ ಮುಂಚೆ ಎರಡು ಕಾಲಂ ಎಳೆಯಿರಿ: ಒಂದರಲ್ಲಿ ಸುಮ್ಮನೆ ಕೊಟ್ಟಿದ್ದು, ಇನ್ನೊಂದರಲ್ಲಿ ಸಾಲ ಕೊಟ್ಟಿದ್ದು. ಎರಡನೆಯದರ ಪಕ್ಕದಲ್ಲಿ ಬಡ್ಡಿ ಎಷ್ಟೆಂದೂ ಬರೆಯಿರಿ.

ಇಂತಿ,
ಒಬ್ಬ ಸಾಲಗಾರ