ಪುಸ್ತಕ-ಶಿಫಾರಸು ಮೀಮಾಂಸೆ: ಓದದೆಯೇ ಓದಿಸುವ ವಿದ್ಯೆಯ ಕುರಿತು ಒಂದು ಪೂರ್ವಪೀಠಿಕೆ

ಕನ್ನಡದಲ್ಲಿ ಸಿಕ್ಕಿರುವ ಅತ್ಯಂತ ಹಳೆಯ ಪುಸ್ತಕ ಶಿಫಾರಸು ಒಂಬತ್ತನೆಯ ಶತಮಾನದ್ದು. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ವು ಗದ್ಯದಲ್ಲಿ ವಿಮಳ, ಉದಯ, ನಾಗಾರ್ಜುನ, ಜಯಬಂಧು, ದುರ್ವಿನೀತರನ್ನೂ ಪದ್ಯದಲ್ಲಿ ಶ್ರೀವಿಜಯ, ಕವೀಶ್ವರ, ಪಂಡಿತ, ಚಂದ್ರ, ಲೋಕಪಾಲರನ್ನೂ ಹೆಸರಿಸುತ್ತದೆ. ಹೆಸರುಗಳೇನೋ ಉಳಿದವು. ಅವರ ಕನ್ನಡ ಪುಸ್ತಕಗಳು ಉಳಿಯಲಿಲ್ಲ. ಕವಿರಾಜಮಾರ್ಗವನ್ನು ಬರೆದವನು ಶ್ರೀವಿಜಯನೇ ಎಂಬ ವಿದ್ವಾಂಸರ ವಾದ ನಿಜವಾದರಂತೂ ಸಂಗತಿ ಇನ್ನಷ್ಟು ರಂಜಕ: ಪಟ್ಟಿ ಮಾಡಿದವನು ತನ್ನ ಹೆಸರನ್ನೂ ಮೆಲ್ಲಗೆ ಅದರೊಳಗೆ ತೂರಿಸಿದ, ಕೊನೆಗೆ ಬದುಕಿದ್ದು ಅವನ ಪುಸ್ತಕವೊಂದೇ. ಡಿಸೆಂಬರ್ ಬಂತೆಂದರೆ ‘ಈ ವರ್ಷದ ಹತ್ತು ಒಳ್ಳೆಯ ಕೃತಿಗಳು’ ಎಂದು ಪಟ್ಟಿ ಹಾಕಿ, ಏಳನೆಯ ಜಾಗದಲ್ಲಿ ತಮ್ಮ ಕಥಾಸಂಕಲನವನ್ನು ಕೂರಿಸುವ ಲೇಖಕರನ್ನು ನೋಡಿ ನಗುವವರು ಈ ಪರಂಪರೆಯ ಹಿರಿತನವನ್ನು ಅರಿಯದವರು.

ಅದೇ ಗ್ರಂಥದಲ್ಲಿ ಈ ಶಾಸ್ತ್ರಕ್ಕೆ ಬೇಕಾದ ಮೂಲಸೂತ್ರವೂ ಇದೆ. ಕನ್ನಡ ನಾಡಿನ ಜನ ಓದಿನಲ್ಲಿ ತೊಡಗದಿದ್ದರೂ ಕಾವ್ಯದ ಬಳಕೆಯಲ್ಲಿ ಪಳಗಿದ ಬುದ್ಧಿಯವರು ಎಂದು ಕವಿರಾಜಮಾರ್ಗಕಾರ ಹೊಗಳುತ್ತಾನೆ. ಸಾವಿರದ ಇನ್ನೂರು ವರ್ಷಗಳ ಹತ್ತಿರ ಬಂದರೂ ಈ ಮಾತನ್ನು ಸುಳ್ಳು ಮಾಡಲು ನಾಡಿನವರು ಯಾರೂ ಯತ್ನಿಸಿಲ್ಲ. ಪುಸ್ತಕ ಓದದೆಯೇ ಅದನ್ನು ಇನ್ನೊಬ್ಬರಿಗೆ ಹೇಳಬಲ್ಲ ಶಕ್ತಿ ಇಲ್ಲಿ ನೆಲದ ಗುಣ.

ಅಧ್ಯಯನದ ಕ್ಷೇತ್ರವನ್ನು ಮೊದಲು ಗುರುತಿಸಬೇಕು. ಮೊಬೈಲಿನೊಳಗೆ ಕೂಡಿಕೊಂಡ ಗೆಳೆಯರ ಓದುಗ ಬಳಗ: ಇಬ್ಬರು ಬೆಂಗಳೂರಿನ ಸಾಫ್ಟ್‌ವೇರಿನವರು, ಧಾರವಾಡದ ಒಬ್ಬ ನಿವೃತ್ತ ಮೇಷ್ಟ್ರು, ಶಿವಮೊಗ್ಗದ ಬ್ಯಾಂಕಿನವರು, ಕ್ಯಾಲಿಫೋರ್ನಿಯಾದ ಒಬ್ಬ ಗೆಳೆಯ, ಏನನ್ನೂ ಬರೆಯದೆ ಎಲ್ಲವನ್ನೂ ನೋಡುವ ಹತ್ತಾರು ಮಂದಿ. ಯಾರೋ ಒಬ್ಬರು ರಾತ್ರಿ ಊಟ ಮುಗಿಸಿ, “ಏನಾದ್ರೂ ಒಳ್ಳೇ ಪುಸ್ತಕ ಹೇಳ್ರಪ್ಪಾ” ಎಂದು ಎಸೆಯುತ್ತಾರೆ. ಹಲ್ಲುಜ್ಜಿ ಬರುವುದರೊಳಗೆ ‘ಕರ್ವಾಲೊ’, ‘ಪರ್ವ’, ‘ಮೂಕಜ್ಜಿಯ ಕನಸುಗಳು’ ಹಾಜರು. ಇಲ್ಲಿ ಗಮನಿಸಬೇಕಾದ ಮೊದಲ ನಿಯಮವೆಂದರೆ, ಉತ್ತರಕ್ಕೂ ಪ್ರಶ್ನೆಗೂ ಸಂಬಂಧವಿರಬೇಕಾಗಿಲ್ಲ. “ಮಗಳು ಆರನೇ ಕ್ಲಾಸು, ಅವಳಿಗೆ ಯಾವುದು ಕೊಡಲಿ?” ಎಂದು ಕೇಳಿದರೂ ‘ಪರ್ವ’ ಬರುತ್ತದೆ. “ಬಸ್ಸಿನಲ್ಲಿ ಓದಿ ಮುಗಿಸೋ ಹಾಗೆ ಚಿಕ್ಕದೊಂದು” ಎಂದವರಿಗೆ ‘ಮಲೆಗಳಲ್ಲಿ ಮದುಮಗಳು’ ಸಿಗುತ್ತದೆ. ಬಸ್ಸು ಎಲ್ಲಿಗೆ ಹೋಗುತ್ತಿದೆ ಎಂದು ಯಾರೂ ಕೇಳುವುದಿಲ್ಲ.

ಈ ವಿದ್ಯಮಾನಕ್ಕೆ ತಾತ್ವಿಕ ತಳಹದಿ ಒದಗಿಸಿದವನು, ಪಾಪ, ಕನ್ನಡ ಬಾರದ ಮಾರ್ಸೆಲ್ ಮೋಸ್. ಈ ಫ್ರೆಂಚ್ ಸಮಾಜಶಾಸ್ತ್ರಜ್ಞ 1925ರಲ್ಲಿ ಉಡುಗೊರೆಯ ಮೇಲೆ ಬರೆದ ದೊಡ್ಡ ಪ್ರಬಂಧದಲ್ಲಿ ಮೂರು ಕಟ್ಟುಪಾಡುಗಳನ್ನು ಹೇಳಿದ: ಕೊಡಬೇಕು, ಕೊಟ್ಟದ್ದನ್ನು ಒಪ್ಪಿಕೊಳ್ಳಬೇಕು, ಮರಳಿ ಕೊಡಬೇಕು. ನಮ್ಮ ಮದುವೆ ಮನೆಗಳ ಮುಯ್ಯಿಯೂ ಇದೇ ಅಲ್ಲವೇ. ಚಪ್ಪರದ ಬಾಗಿಲಲ್ಲಿ ನೋಟ್‌ಬುಕ್ ಹಿಡಿದು ಕೂತ ಭಾವಮೈದುನ ಯಾರು ಎಷ್ಟು ಹಾಕಿದರೆಂದು ಬರೆದಿಟ್ಟುಕೊಳ್ಳುತ್ತಾನೆ. ಮುಂದೆ ಅವರ ಮನೆಯ ಮದುವೆಗೆ ಅಷ್ಟೇ, ಸಾಧ್ಯವಾದರೆ ಒಂದು ರೂಪಾಯಿ ಹೆಚ್ಚಿಗೆ, ಹಾಕಬೇಕು. ಬಳಗದಲ್ಲಿ ಒಬ್ಬರು ಮಾಸ್ತಿಯವರ ‘ಚಿಕವೀರ ರಾಜೇಂದ್ರ’ ಹೇಳಿದರೆ ಇನ್ನೊಬ್ಬರು ತಡಮಾಡದೆ ರಾವ್ ಬಹಾದ್ದೂರರ ‘ಗ್ರಾಮಾಯಣ’ ಹಾಕುತ್ತಾರೆ. ಲೆಕ್ಕ ಚುಕ್ತಾ. ಸ್ನೇಹ ಭದ್ರ. ಮೋಸ್‌ನ ಮೂರು ಕಟ್ಟುಪಾಡುಗಳಲ್ಲಿ ಓದಬೇಕೆಂಬುದು ಎಲ್ಲಿಯೂ ಇಲ್ಲ ಎಂಬುದನ್ನು ಹಿಂದಿನ ಭಾಷ್ಯಕಾರರು ಗಮನಿಸಿದಂತಿಲ್ಲ.

ಇನ್ನು ವರ್ಗೀಕರಣ. ಇದಕ್ಕೆ ಹೊರಗೆ ಹೋಗಬೇಕಿಲ್ಲ, ಬೆಂಗಳೂರಿನಲ್ಲೇ ಕೊನೆಯ ವರ್ಷಗಳನ್ನು ಕಳೆದು 1972ರಲ್ಲಿ ತೀರಿಕೊಂಡ ಎಸ್.ಆರ್. ರಂಗನಾಥನ್ ಇದ್ದಾರೆ. ಗಣಿತದ ಮೇಷ್ಟ್ರಾಗಿದ್ದು ಗ್ರಂಥಪಾಲರಾದ ಇವರು 1931ರಲ್ಲಿ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳನ್ನು ಪ್ರಕಟಿಸಿದರು. 1933ರಲ್ಲಿ ಕೋಲನ್ ವರ್ಗೀಕರಣ ಹೊರತಂದರು. ಲಂಡನ್ನಿನ ಅಂಗಡಿಯೊಂದರಲ್ಲಿ ಮೆಕಾನೋ ಎಂಬ ಆಟಿಕೆ ನೋಡಿ, ತುಂಡುಗಳನ್ನು ಬೇಕಾದಂತೆ ಜೋಡಿಸುವ ಆ ಆಟದಿಂದಲೇ ಅವರಿಗೆ ಈ ಪದ್ಧತಿ ಹೊಳೆಯಿತು. ಯಾವ ವಿಷಯವನ್ನಾದರೂ ವ್ಯಕ್ತಿತ್ವ, ದ್ರವ್ಯ, ಶಕ್ತಿ, ದೇಶ, ಕಾಲ ಎಂಬ ಐದು ಮುಖಗಳಲ್ಲಿ ಬಿಡಿಸಬಹುದೆಂದು ಆಮೇಲೆ ಅವರು ತೋರಿಸಿದರು. ಪುಸ್ತಕವನ್ನು ಹೀಗೆ ಬಿಡಿಸಬಹುದಾದರೆ ಪುಸ್ತಕದ ಶಿಫಾರಸನ್ನು ಬಿಡಿಸಲು ಅಡ್ಡಿಯೇನು?

ವ್ಯಕ್ತಿತ್ವ ಮುಖವು ಅತಿ ಸುಲಭ. ಹೇಳುವವನು ಹೇಳುವುದು ಪುಸ್ತಕವನ್ನಲ್ಲ, ತನ್ನನ್ನು. ವೈಟ್‌ಫೀಲ್ಡಿನ ಹದಿನೇಳನೇ ಮಹಡಿಯಲ್ಲಿರುವವನು ತೇಜಸ್ವಿಯವರನ್ನೇ ಹೇಳುತ್ತಾನೆ, ಏಕೆಂದರೆ ಅವನಿಗೆ ಮೂಡಿಗೆರೆಯಲ್ಲೊಂದು ತೋಟ ತೆಗೆಯುವ ಆಸೆಯಿದೆ. ಕಾಲೇಜಿನಲ್ಲಿ ಸಾಹಿತ್ಯ ಕಲಿಸುವವರು ‘ಕುಸುಮಬಾಲೆ’ ಹೇಳುತ್ತಾರೆ. ನಂಜನಗೂಡು ಸೀಮೆಯ ಆಡುಮಾತಿನಲ್ಲಿ ಹರಿಯುವ ಆ ಪುಟ್ಟ ಪುಸ್ತಕ ತಮಗೆ ಅರ್ಥವಾಗಿದೆ ಎಂಬುದು ಎದುರಿನವರಿಗೆ ತಿಳಿಯಬೇಕಷ್ಟೆ. ನಿವೃತ್ತರು ಭೈರಪ್ಪನವರಿಂದ ಶುರುಮಾಡಿ ಭೈರಪ್ಪನವರಲ್ಲಿಗೇ ಮುಗಿಸುತ್ತಾರೆ.

ದ್ರವ್ಯ ಮುಖದಲ್ಲಿ ಒಂದು ವಿಚಿತ್ರವಿದೆ. ಶಿಫಾರಸಿನ ಉತ್ಸಾಹವು ಪುಸ್ತಕದ ದಪ್ಪದ ಜೊತೆ ಏರುತ್ತದೆ, ಹೇಳುವವನು ಓದಿದ ಪುಟಗಳ ಜೊತೆಗಲ್ಲ. ಕಾರಣ ಸರಳ: ದಪ್ಪ ಪುಸ್ತಕವನ್ನು ಕೇಳಿದವನು ಮುಗಿಸುವ ಸಂಭವ ಕಡಿಮೆ, ಆದ್ದರಿಂದ ಹೇಳಿದವನು ಸಿಕ್ಕಿಬೀಳುವ ಸಂಭವವೂ ಕಡಿಮೆ. ಕೆಲವರಿಗೆ ರಂಗಭೂಮಿ ಕೈಹಿಡಿದಿದೆ. ಸಿ. ಬಸವಲಿಂಗಯ್ಯನವರು 2010ರಲ್ಲಿ ಮೈಸೂರಿನಲ್ಲಿ ರಂಗಕ್ಕೆ ತಂದ ‘ಮಲೆಗಳಲ್ಲಿ ಮದುಮಗಳು’ ಸುಮಾರು ಒಂಬತ್ತು ಗಂಟೆಯ, ಬೆಳಗಿನ ತನಕದ ನಾಟಕ. ಅದನ್ನು ಕಂಬಳಿ ಹೊದ್ದು ಕೂತು ನೋಡಿ ಬಂದವರು ಕಾದಂಬರಿಯನ್ನು ಓದಿದವರ ಲೆಕ್ಕಕ್ಕೇ ಸೇರಿಕೊಂಡಿದ್ದಾರೆ. ನಿದ್ದೆಗೆಟ್ಟವರನ್ನು ಓದಿಲ್ಲವೆಂದು ಹೇಳುವುದು ನ್ಯಾಯವೂ ಅಲ್ಲ. ತ್ರಿವೇಣಿಯವರ ‘ಶರಪಂಜರ’ದ ಸ್ಥಿತಿ ಬೇರೆ. ಅದನ್ನು ಹೇಳುವವರಲ್ಲಿ ಬಹುಮಂದಿ ವಿವರಿಸುವುದು ಕಲ್ಪನಾ ಅವರ ಕಣ್ಣುಗಳನ್ನು. ಅವು ಪುಟ್ಟಣ್ಣ ಕಣಗಾಲರ ಚಿತ್ರದಲ್ಲಿವೆಯೇ ಹೊರತು ಕಾದಂಬರಿಯ ಯಾವ ಪುಟದಲ್ಲಿಯೂ ಇಲ್ಲ.

ಶಕ್ತಿ ಮುಖವೆಂದರೆ ಶಿಫಾರಸಿನ ರಭಸ. ಇದರಲ್ಲಿ ಮೆಟ್ಟಿಲುಗಳಿವೆ. “ಓದಿ, ಚೆನ್ನಾಗಿದೆ” ಎಂಬುದು ತೀರ ಮಂದ, ಇದಕ್ಕೆ ಹೆಬ್ಬೆರಳೊಂದು ಸಾಕು. “ಓದಲೇಬೇಕು” ಎಂಬುದು ಮಧ್ಯಮ. ಇವೆರಡನ್ನೂ ಮೀರಿದ್ದು ಶಿಫಾರಸಿನ ವೇಷ ತೊಟ್ಟ ಬೆರಗು: “ಅಯ್ಯೋ, ಇನ್ನೂ ಓದಿಲ್ವಾ?” ಧಾರವಾಡದ ಮೇಷ್ಟ್ರ ಬಾಯಲ್ಲಿ ಇದು “ಇನ್ನೂ ಓದಿಲ್ಲೇನಪಾ ನೀ?” ಆಗಿ, ಕೇಳಿದವನು ಮೂರು ದಿನ ಬಳಗದಲ್ಲಿ ಮುಖ ತೋರಿಸದಂತೆ ಮಾಡುತ್ತದೆ. ಇಂಥ ಏಟಿಗೆ ಓದುಗರು ಕಂಡುಕೊಂಡ ಗುರಾಣಿಗಳೂ ಇವೆ. “ಓದ್ತಾ ಇದ್ದೀನಿ ಸರ್” ಎಂಬ, ಆದಿಯೂ ಅಂತ್ಯವೂ ಇಲ್ಲದ ವರ್ತಮಾನಕಾಲ ಒಂದು. “ಹಿಂದೆ ಓದಿದ್ದೆ, ಇನ್ನೊಂದ್ಸಲ ಓದಬೇಕು” ಎಂಬುದು ಇನ್ನೊಂದು. ಪುಸ್ತಕ ಹೇಳಿದವನೇ ಸಿಕ್ಕಿಬಿದ್ದಾಗ ಬಳಸುವುದು ಮೂರನೆಯದು: “ಮೊದಲ ನೂರು ಪುಟ ಸ್ವಲ್ಪ ನಿಧಾನ, ಆಮೇಲೆ ಬಿಡೋದೇ ಇಲ್ಲ.” ಆ ನೂರೊಂದನೇ ಪುಟವನ್ನು ಅವನು ಸ್ವತಃ ಕಂಡಿದ್ದಾನೆಂಬುದಕ್ಕೆ ಪುರಾವೆ ಸಿಕ್ಕಿಲ್ಲ.

ದೇಶದ ವಿಷಯ ಚುಟುಕಾಗಿ ಹೇಳಬಹುದು. ಗಾಂಧಿ ಬಜಾರಿನ ಅಂಕಿತ ಪುಸ್ತಕದಂಗಡಿಗೆ ನಡೆದು ಹೋಗುವಷ್ಟು ಹತ್ತಿರ ಇರುವವರು ಕಡಿಮೆ ಹೇಳುತ್ತಾರೆ, ಪುಸ್ತಕ ತರಿಸಲು ಅದರ ಬೆಲೆಗಿಂತ ಹೆಚ್ಚು ಅಂಚೆ ಖರ್ಚು ಕೊಡಬೇಕಾದ ಕ್ಯಾಲಿಫೋರ್ನಿಯಾದವರು ಎಲ್ಲರಿಗಿಂತ ಹೆಚ್ಚು ಹೇಳುತ್ತಾರೆ.

ಕಾಲ ಮುಖವೋ, ಪ್ರಶಸ್ತಿಯ ಗಡಿಯಾರಕ್ಕೆ ಕಟ್ಟಿಬಿದ್ದದ್ದು. 2025ರ ಮೇ 20ರಂದು ಲಂಡನ್ನಿನಲ್ಲಿ ಬಾನು ಮುಷ್ತಾಕ್ ಅವರ ಕಥೆಗಳ, ದೀಪಾ ಭಾಸ್ತಿ ಮಾಡಿದ ಇಂಗ್ಲಿಷ್ ಅನುವಾದ ‘ಹಾರ್ಟ್ ಲ್ಯಾಂಪ್’ಗೆ ಇಂಟರ್‌ನ್ಯಾಷನಲ್ ಬೂಕರ್ ಬಂತು. ಮೂರು ದಶಕಗಳ ಬರವಣಿಗೆಯಿಂದ ಆಯ್ದ ಹನ್ನೆರಡು ಕಥೆಗಳು ಅವು. ಮರುದಿನ ಬೆಳಗಿನ ಕಾಫಿಯ ಹೊತ್ತಿಗೆ, ಆ ಮೂರು ದಶಕಗಳಲ್ಲಿ ಅವರ ಹೆಸರೆತ್ತದವರೂ “ನಾನು ಮೊದಲಿಂದ್ಲೂ ಹೇಳ್ತಾನೇ ಇದ್ದೆ” ಎಂದು ಬರೆದರು. ಕನ್ನಡದವರು ಕನ್ನಡದವರಿಗೆ, ಕನ್ನಡದಲ್ಲಿ ಬರೆದ ಕಥೆಗಳನ್ನು, ಇಂಗ್ಲಿಷಿನಲ್ಲಿ ಓದಿರೆಂದು ಹೇಳಿದ್ದು ಆ ವಾರದ ವಿಶೇಷ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಇಂಗ್ಲಿಷಿಗೆ ಹೋಗಿ ಹೆಸರಾದಾಗಲೂ ಹೀಗೆಯೇ ಆಗಿತ್ತು.

ಇಷ್ಟಾದರೂ ಒಂದು ಪ್ರಶ್ನೆ ಉಳಿಯುತ್ತದೆ. ಶಿಫಾರಸಿನಿಂದ ಪುಸ್ತಕ ಬದುಕುತ್ತದೆಯೇ? ಇತಿಹಾಸ ಇಲ್ಲಿ ನಿರ್ದಯವಾಗಿ ಮಾತಾಡುತ್ತದೆ. ಹತ್ತನೆಯ ಶತಮಾನದ ಪೊನ್ನ ‘ಶಾಂತಿಪುರಾಣ’ವನ್ನೂ ‘ಭುವನೈಕ ರಾಮಾಭ್ಯುದಯ’ವನ್ನೂ ಬರೆದ. ಎರಡನೆಯದು ಎಲ್ಲಿಯೂ ಸಿಕ್ಕಿಲ್ಲ. ಮೊದಲನೆಯದು ಇದೆ, ಏಕೆಂದರೆ ಅದಕ್ಕೆ ಅತ್ತಿಮಬ್ಬೆಯಂಥ ಓದುಗಿತ್ತಿ ಸಿಕ್ಕಳು. ಆಕೆ ‘ಓದಲೇಬೇಕು’ ಎಂದು ಹೇಳಿ ಕೈತೊಳೆದುಕೊಳ್ಳದೆ ಅದರ ಸಾವಿರ ಪ್ರತಿ ಮಾಡಿಸಿ ಹಂಚಿದಳು. ಓಲೆಗರಿಯ ಕಾಲ. ಸಾವಿರ ಪ್ರತಿಯೆಂದರೆ ಒಂದೊಂದು ಅಕ್ಷರವನ್ನೂ ಲಿಪಿಕಾರರು ಕಂಟವೆಂಬ ಲೇಖನಿಯಿಂದ ಸಾವಿರ ಸಲ ಕೊರೆಯಬೇಕು. ವಿಮರ್ಶಕರ ಮನಸ್ಸಿಗೆ ಸಮಾಧಾನವಾಗಲೆಂದು ಇಷ್ಟನ್ನೂ ಹೇಳಬೇಕು: ಪೊನ್ನನಿಂದ ಆ ಕಾವ್ಯ ಬರೆಸಿದವರು ಆಕೆಯ ಅಪ್ಪ ಮಲ್ಲಪ ಮತ್ತು ಅವನ ತಮ್ಮ ಪುನ್ನಮಯ್ಯ. ಅಂದರೆ ಕನ್ನಡದ ಅತಿ ದೊಡ್ಡ ಶಿಫಾರಸು ಮನೆಯವರದೇ ಪುಸ್ತಕಕ್ಕಾಗಿ ನಡೆದದ್ದು. ಬಳಗದಲ್ಲಿ ‘ನಮ್ಮ ಚಿಕ್ಕಪ್ಪನ ಹನಿಗವನ’ ಹಾಕುವವರು ಈ ನಿದರ್ಶನ ಕೊಡಲು ಬಂದರೆ, ಸಾವಿರ ಪ್ರತಿ ಎಲ್ಲಿ ಎಂದು ಮೊದಲು ಕೇಳತಕ್ಕದ್ದು.

ಹದಿಮೂರನೆಯ ಶತಮಾನದ ಮಲ್ಲಿಕಾರ್ಜುನನದು ಇನ್ನೊಂದು ದಾರಿ. ಹಿಂದಿನವರ ಕಾವ್ಯಗಳಿಂದ ಮೆಚ್ಚಿದ ಪದ್ಯಗಳನ್ನು ಆಯ್ದು ‘ಸೂಕ್ತಿಸುಧಾರ್ಣವ’ ಕಟ್ಟಿದ. ಅದರೊಳಗಿನ ಎಷ್ಟೋ ಪದ್ಯಗಳು ಯಾರವೆಂದು ವಿದ್ವಾಂಸರು ಇಂದಿಗೂ ತಡಕಾಡುತ್ತಾರೆ. ಮೂಲ ಹೆಸರಿಲ್ಲದೆ ಸಾಲುಗಳು ಮೊಬೈಲಿನಿಂದ ಮೊಬೈಲಿಗೆ ದಾಟುವುದನ್ನು ಹೊಸ ಕಾಲದ ಕೇಡೆಂದು ಬೈಯುವವರು ಈ ಗ್ರಂಥವನ್ನು ಒಮ್ಮೆ ತಿರುವಿಹಾಕಬಹುದು. ಅದನ್ನೂ ಯಾರಾದರೂ ಶಿಫಾರಸು ಮಾಡಬೇಕಷ್ಟೆ.

ಅಚ್ಚಿನ ಕಾಲ ಬಂದ ಮೇಲೆ ಶಿಫಾರಸು ತಲೆಯ ಮೇಲೆ ಕೂತಿತು. ಗಳಗನಾಥರು ‘ಮಾಧವ ಕರುಣಾ ವಿಲಾಸ’ದಂಥ ಕಾದಂಬರಿಗಳನ್ನು ಬರೆದದ್ದಲ್ಲದೆ, ಪುಸ್ತಕದ ಗಂಟು ಹೊತ್ತು ಊರೂರು ಅಲೆದು ಮಾರಿದರು. ಮನೆ ಬಾಗಿಲಿಗೆ ಬಂದು ಗಂಟು ಇಳಿಸಿದ ಹಿರಿಯರಿಗೆ “ಓದ್ತಾ ಇದ್ದೀನಿ” ಎಂದು ಹೇಳಿ ತಪ್ಪಿಸಿಕೊಳ್ಳಲು ಆಗಿನವರಿಗೆ ಆಗುತ್ತಿರಲಿಲ್ಲ. ಧಾರವಾಡದಲ್ಲಿ ಜಿ.ಬಿ. ಜೋಶಿಯವರು 1933ರಲ್ಲಿ ಶುರುಮಾಡಿದ ಮನೋಹರ ಗ್ರಂಥಮಾಲೆ ಇನ್ನೂ ಚತುರ. ಚಂದಾ ಮೊದಲು, ಪುಸ್ತಕ ಆಮೇಲೆ. ಯಾವ ಪುಸ್ತಕ ಬರುತ್ತದೆಂದು ಗೊತ್ತಿಲ್ಲದೆಯೇ ಓದುಗ ಹಣ ಕಟ್ಟುತ್ತಿದ್ದ, ಗ್ರಂಥಮಾಲೆಯ ಅಟ್ಟದಲ್ಲಿ ಕೂತವರ ಅಭಿರುಚಿಯನ್ನು ನಂಬಿ. ಆ ನಂಬಿಕೆಯ ಮೇಲೆಯೇ ಗಿರೀಶ ಕಾರ್ನಾಡರ ‘ಯಯಾತಿ’ಯೂ ಅಲ್ಲಿಂದ ಹೊರಬಂತು.

ಈ ಎಲ್ಲ ಆಧಾರಗಳನ್ನು ಮುಂದಿಟ್ಟುಕೊಂಡು ನಮ್ಮ ಬಳಗದಲ್ಲೊಂದು ನಿಯಮ ತರಲು ಶಿವಮೊಗ್ಗದ ಬ್ಯಾಂಕಿನವರು ಯತ್ನಿಸಿದರು: ಪುಸ್ತಕ ಹೇಳಿದವರು ಅದರ ಒಂದು ಪ್ರತಿಯನ್ನು ಕೊಂಡು ಇನ್ನೊಬ್ಬರಿಗೆ ಕಳಿಸಬೇಕು. ನಿಯಮ ಬಂದ ದಿನ ಶಿಫಾರಸುಗಳು ಪೂರ್ತಿ ನಿಂತವು. ಕ್ಯಾಲಿಫೋರ್ನಿಯಾದಿಂದ “ಪಿಡಿಎಫ್ ನಡೆಯುತ್ತಾ?” ಎಂಬ ವಿಚಾರಣೆ ಬಂತು. ನಡೆಯುವುದಿಲ್ಲ, ಬೇಕಾದರೆ ದುಡ್ಡು ಕೊಟ್ಟು ಇ-ಪುಸ್ತಕ ಕೊಂಡು ಕಳಿಸಿ ಎಂದರು ಬ್ಯಾಂಕಿನವರು, ಆಮೇಲೆ ತಾವೇ ಮೊದಲು ‘ಕರ್ವಾಲೊ’ದ ಒಂದಷ್ಟು ಪ್ರತಿ ತರಿಸಿ ಕೊರಿಯರ್ ಮಾಡಿದರು.

ಫಲಿತಾಂಶ ಹೀಗಿದೆ. ಬಹುಪಾಲು ಮಂದಿ ಪುಸ್ತಕವನ್ನು ಫಿಲ್ಟರ್ ಕಾಫಿಯ ಲೋಟದ ಪಕ್ಕದಲ್ಲಿಟ್ಟು ಫೋಟೊ ಹಾಕಿ ಕೈಮುಗಿದರು. ಇಬ್ಬರು ಮಾತ್ರ ಓದಿದರು. ಓದಿದ ಮಾರನೆಯ ದಿನದಿಂದಲೇ ಇಬ್ಬರಿಗೂ ಜಗಳ ಹತ್ತಿಕೊಂಡಿತು. ಅಷ್ಟು ಜನ ಕಾಡು ಅಲೆದು ಹುಡುಕಿದ ಹಾರುವ ಓತಿ ಕೊನೆಗೆ ಕೈಗೆ ಸಿಗದೆ ಪ್ರಪಾತದ ಕಡೆ ತೇಲಿಹೋಗಲು ಯಾರು ಕಾರಣ ಎಂಬುದು ವಿವಾದದ ವಿಷಯ. ಸಾಫ್ಟ್‌ವೇರಿನವನು ತಪ್ಪು ಕರ್ವಾಲೊ ಅವರದೇ ಎಂದ, ವಿಜ್ಞಾನಿಯಾದವರು ಬೇರೆ ತಯಾರಿಯಲ್ಲಿ ಹೋಗಬೇಕಿತ್ತಂತೆ. ಧಾರವಾಡದ ಮೇಷ್ಟ್ರು ಅದೇ ತಂಡದ ಮಂದಣ್ಣನ ಪರ ನಿಂತರು, ಕರ್ವಾಲೊ ಅವರನ್ನೂ ಬಿಟ್ಟುಕೊಡಲಿಲ್ಲ. “ಅದು ಸಿಕ್ಕಿದ್ರ ನಿನಗ ಕಥಿ ಎಲ್ಲಿಂದ ಬರ್ತಿತ್ತೋ?” ಎಂದು ಕೇಳಿದರು. “ಸಿಗೋದೇ ಇಲ್ಲ ಅಂದ್ರೆ ಯಾಕೆ ಸರ್ ಅಷ್ಟು ದೂರ ಹೋಗಬೇಕಿತ್ತು?” ಎಂದ ಇವನು. ಮಾತು ರಾತ್ರಿ ಒಂದೂವರೆಯವರೆಗೂ ನಡೆಯಿತು. ಉಳಿದವರು ಬಳಗವನ್ನು ಮ್ಯೂಟ್ ಮಾಡಿ ಮಲಗಿದರು.