ಸರ್ಕಾರಿ ಕಚೇರಿಯ ಮೆಟ್ಟಿಲುಗಳಿಗೆ ಒಂದು ಬಹಿರಂಗ ಪತ್ರ

ಸನ್ಮಾನ್ಯ ಮೆಟ್ಟಿಲುಗಳ ಸನ್ನಿಧಿಗೆ,

ವಿಷಯ: ವಿಕಲಚೇತನರ ಹಕ್ಕುಗಳ ಕಾಯ್ದೆ ಜಾರಿಯಾದ ಮೇಲೂ ಮೆಟ್ಟಿಲುಗಳು ಅಚಲವಾಗಿ ಸೇವೆ ಮುಂದುವರಿಸಿರುವುದಕ್ಕೆ ಅಭಿನಂದನೆ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, 1995ರ ಕಾಯ್ದೆ ಏಳು ಬಗೆಯ ವೈಕಲ್ಯಗಳನ್ನಷ್ಟೇ ಗುರುತಿಸಿ ಸರ್ಕಾರಿ ನೌಕರಿಯಲ್ಲಿ ಶೇ. 3ರ ಮೀಸಲಾತಿ ಕೊಟ್ಟಿತ್ತು. 2017ರ ಏಪ್ರಿಲ್ 19ರಂದು ಜಾರಿಗೆ ಬಂದ 2016ರ ಕಾಯ್ದೆ ಆ ಪಟ್ಟಿಯನ್ನು 21ಕ್ಕೆ ಹಿಗ್ಗಿಸಿತು. ಆಸಿಡ್ ದಾಳಿಗೆ ತುತ್ತಾದವರು, ಆಟಿಸಂ, ತಲಸ್ಸೇಮಿಯಾ, ಪಾರ್ಕಿನ್ಸನ್ ಇರುವವರೂ ಅದರೊಳಗೆ ಬಂದರು, ಮೀಸಲಾತಿ ಶೇ. 4 ಆಯಿತು. ಕಾಯ್ದೆಯೊಳಗೆ ಬಂದವರು ಕಚೇರಿಯೊಳಗೆ ಬರುವುದು ಮಾತ್ರ ಮೆಟ್ಟಿಲುಗಳ ವಿವೇಚನೆಗೆ ಉಳಿಯಿತು.

ಕಾಯ್ದೆಯ 45ನೇ ಸೆಕ್ಷನ್ ಪ್ರಕಾರ, ನಿಯಮಗಳು ಪ್ರಕಟವಾದ ಐದು ವರ್ಷದೊಳಗೆ ಹಳೆಯ ಸಾರ್ವಜನಿಕ ಕಟ್ಟಡಗಳನ್ನೂ ಎಲ್ಲರೂ ಹೋಗಿಬರುವಂತೆ ಮಾರ್ಪಡಿಸಬೇಕಿತ್ತು. ನಿಯಮಗಳು ಹೊರಟಿದ್ದು 2017ರ ಜೂನ್‌ನಲ್ಲಿ. ಗಡುವು ತೀರಿದ್ದು 2022ರ ಜೂನ್‌ನಲ್ಲಿ. ಈ ನಡುವೆ ರಾಂಪ್ ಎಂಬ ರಾಜಿಸೂತ್ರ ಹುಟ್ಟಿಕೊಂಡಿತು. ಒಂದು ಅಡಿ ಏರಲು ರಾಂಪು ಹನ್ನೆರಡು ಅಡಿ ಉದ್ದವಿರಬೇಕು ಎನ್ನುತ್ತದೆ ಮಾನದಂಡ. ಗುತ್ತಿಗೆದಾರರ ಲೆಕ್ಕದಲ್ಲಿ ನಾಲ್ಕು ಅಡಿಯೇ ಧಾರಾಳ, ಏಕೆಂದರೆ ಬಿಲ್ಲು ಪಾಸಾಗುವುದು ಫೋಟೊ ನೋಡಿ. ಅದರ ಮೇಲೆ ಗಾಲಿಕುರ್ಚಿ ಹತ್ತಲಾರದು, ಇಳಿಯಹೊರಟರೆ ನಿಲ್ಲಲಾರದು; ಹಾಗಾಗಿ ಎಷ್ಟೋ ಕಡೆ ನೌಕರರ ಬೈಕುಗಳೇ ನಿಲ್ಲುತ್ತವೆ. ಗಾಲಿಕುರ್ಚಿಯ ಚಿತ್ರ ಅಂಟಿಸಿದ ಶೌಚಾಲಯಕ್ಕೆ ಬೀಗ. ತೆರೆದರೆ ಒಳಗೆ ಹಳೆಯ ಕಡತಗಳ ಗಂಟು, ಕಾಲು ಮುರಿದ ಕುರ್ಚಿ (ಅದಕ್ಕಾದರೂ ಪ್ರವೇಶ ಸಿಕ್ಕಿದೆ).

ಶ್ರೇಯಸ್ಸನ್ನೆಲ್ಲ ಮೆಟ್ಟಿಲುಗಳಿಗೇ ಕೊಟ್ಟರೆ ನಿಯಮ ಬರೆದವರಿಗೆ ಅನ್ಯಾಯವಾದೀತು. ಕಾಯ್ದೆ ಕಡ್ಡಾಯ ಎಂದಲ್ಲಿ 15ನೇ ನಿಯಮ ಮಾರ್ಗಸೂಚಿಗಳ ಪಟ್ಟಿ ಕೊಟ್ಟು ಕೈತೊಳೆದುಕೊಂಡಿತು. 2005ರಲ್ಲಿ ದಾಖಲಾದ ರಾಜೀವ್ ರಾತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು ಆ ನಿಯಮ ಮೂಲ ಕಾಯ್ದೆಗೇ ವಿರುದ್ಧ ಎಂದು ಹೇಳಿ, ಕಡ್ಡಾಯ ಮಾನದಂಡ ರೂಪಿಸಲು ಮೂರು ತಿಂಗಳು ಕೊಟ್ಟಿತು. ದಂಡವೂ ಮೆಟ್ಟಿಲುಗಳ ಪರವೇ: ಮೊದಲ ಉಲ್ಲಂಘನೆಗೆ ಹೆಚ್ಚೆಂದರೆ 10,000 ರೂಪಾಯಿ. ಸಿಮೆಂಟು, ಜಲ್ಲಿ, ಕೂಲಿ ಕೂಡಿಸಿ ನೋಡಿದರೆ ತಪ್ಪು ಮಾಡುವುದೇ ಅಗ್ಗ. ಕಾಯ್ದೆ ಹೇಳುವ ಸಾಮಾಜಿಕ ಭದ್ರತೆಗೂ ಸರ್ಕಾರದ ಆರ್ಥಿಕ ಸಾಮರ್ಥ್ಯದ ಮಿತಿ ಅಡ್ಡ ಬರುತ್ತದೆ. ಖಾಸಗಿ ಕಂಪನಿಗಳಿಗೆ ಮೀಸಲಾತಿಯ ಕಟ್ಟುಪಾಡಿಲ್ಲ, ಪ್ರೋತ್ಸಾಹಧನದ ಆಸೆಯಷ್ಟೇ.

ಆದರೂ ಮೆಟ್ಟಿಲುಗಳು ಪೂರ್ತಿ ನಿಶ್ಚಿಂತೆಯಿಂದ ಇರುವಂತಿಲ್ಲ. ಬರೆಯುವಾಗ ಕೈ ಸೆಡೆತುಕೊಳ್ಳುವ ಯುಪಿಎಸ್‌ಸಿ ಅಭ್ಯರ್ಥಿಯೊಬ್ಬರಿಗೆ, ಸೌಲಭ್ಯಕ್ಕೆ ಬೇಕೆನ್ನುವ ಶೇ. 40ರ ವೈಕಲ್ಯ ಇಲ್ಲದಿದ್ದರೂ ಪರೀಕ್ಷೆಯಲ್ಲಿ ಬರೆದುಕೊಡುವವರ ನೆರವು ಸಿಗಬೇಕೆಂದು 2021ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. 2016ರ ಕಾಯ್ದೆ ಇಲ್ಲದಿದ್ದರೆ ಆ ವಾದಕ್ಕೆ ಆಧಾರವೇ ಇರುತ್ತಿರಲಿಲ್ಲ. ಆದರೆ ಪಿಂಚಣಿ ಅರ್ಜಿ ಹಿಡಿದು ತಾಲ್ಲೂಕು ಕಚೇರಿಗೆ ಬಂದವರು ದಿಲ್ಲಿಯವರೆಗೆ ಹೋಗಲಾರರು. ಗುಮಾಸ್ತರು ಕೆಳಗಿಳಿದು ಬರಬೇಕು, ಇಲ್ಲವೇ ಮಗ ಹೊತ್ತುಕೊಂಡು ಹತ್ತಬೇಕು. ಅಂಥವರು ವಿಕಲಚೇತನರ ರಾಜ್ಯ ಆಯುಕ್ತರಿಗೆ ದೂರು ಕೊಡಬಹುದು. ಆಯುಕ್ತರು ವಿಚಾರಣೆ ನಡೆಸಿ ಶಿಫಾರಸು ಮಾಡುತ್ತಾರೆ. ಇಲಾಖೆಗೆ ಅದು ಒಪ್ಪಿಗೆಯಾಗದಿದ್ದರೆ ಮೂರು ತಿಂಗಳೊಳಗೆ ಕಾರಣ ತಿಳಿಸಿದರಾಯಿತು. ಕಾರಣಗಳಿಗೆ ಯಾವ ಇಲಾಖೆಯಲ್ಲೂ ಈವರೆಗೆ ಬರ ಬಂದದ್ದಿಲ್ಲ.

ಇತಿ,
ನೆಲಮಟ್ಟದ ಅರ್ಜಿದಾರರು